ಶಿರಸಿಯಲ್ಲಿ ಕೂತು ಜರ್ಮನ್, ಯಲ್ಲಾಪುರದಲ್ಲಿ ಕೂತು ಜಪಾನಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮಗನಿಗೋ ಮಗಳಿಗೋ ಜರ್ಮನಿಯಲ್ಲಿ ಎಂ.ಎಸ್. ಓದುವ ಆಸೆ ಹುಟ್ಟಿದರೆ, ನರ್ಸಿಂಗ್ ಮುಗಿಸಿದವರಿಗೆ ಅಲ್ಲಿಯ ಆಸ್ಪತ್ರೆಗಳಲ್ಲಿ ಕೆಲಸವಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ, ಮನೆಯಲ್ಲಿ ಏಳುವ ಮೊದಲ ಮಾತು 'ಹಾಗಾದರೆ ಬೆಂಗಳೂರಿಗೆ ಹೋಗಿ ಕ್ಲಾಸು ಸೇರಬೇಕು' ಎಂಬುದು. ಅಲ್ಲಿ ರೂಮಿನ ಬಾಡಿಗೆ, ಊಟ, ಶುಲ್ಕ ಎಲ್ಲ ಸೇರಿ ಲೆಕ್ಕ ಹಾಕುವಷ್ಟರಲ್ಲಿ ಅರ್ಧ ಜನ ಆಸೆಯನ್ನೇ ಬಿಡುತ್ತಾರೆ. ಉಳಿದವರಲ್ಲಿ ಅನೇಕರು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡು, ಎರಡು ವಾರ ಉತ್ಸಾಹದಿಂದ ಒತ್ತಿ, ಆಮೇಲೆ ಮರೆಯುತ್ತಾರೆ. ಮೊದಲಿನವರು ಕ್ಲಾಸು ಇಲ್ಲದ್ದಕ್ಕೆ ಆಗಲಿಲ್ಲ ಎನ್ನುತ್ತಾರೆ, ಎರಡನೆಯವರು ತಮಗೆ ಭಾಷೆಯ ತಲೆಯೇ ಇಲ್ಲ ಎನ್ನುತ್ತಾರೆ. ಎರಡೂ ಸರಿಯಾದ ಕಾರಣಗಳಲ್ಲ. ಪಾಠಗಳು ಇಂದು ಪುಕ್ಕಟೆಯಾಗಿ ಮನೆಗೇ ಬರುತ್ತಿವೆ. ನಮ್ಮಲ್ಲಿ ಇಲ್ಲದಿರುವುದು ಕಲಿಯುವವನ ಮಾತಿಗೆ ಕಿವಿಗೊಡುವ ಒಬ್ಬ ವ್ಯಕ್ತಿ, ಮತ್ತು ಆ ವ್ಯಕ್ತಿ ಇದ್ದಾಗ ತಾನಾಗಿ ಹುಟ್ಟುವ ದಿನಚರಿ. ಅದನ್ನು ಊರಲ್ಲೇ ಹೊಂದಿಸಿಕೊಳ್ಳಬಹುದು.

ಭಾಷೆಯ ತಲೆ ಇಲ್ಲ ಎಂಬ ಮಾತನ್ನು ಈ ಮೂರು ತಾಲ್ಲೂಕುಗಳಲ್ಲಿ ನಿಂತು ಆಡುವುದೇ ಕಷ್ಟ. ಶಿರಸಿ ಪೇಟೆಯಲ್ಲಿ ಹವ್ಯಕ ಕನ್ನಡ, ಕೊಂಕಣಿ, ಉರ್ದು, ಮರಾಠಿ ಒಂದೇ ಅಂಗಡಿಯ ಎದುರು ಕೇಳುತ್ತವೆ. ಯಲ್ಲಾಪುರದ ಸಿದ್ದಿಗಳು ಮನೆಯಲ್ಲಿ ತಮ್ಮದೇ ಬಗೆಯ ಕೊಂಕಣಿ ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ. ಗೌಳಿಗಳ ಮನೆಮಾತು ಮರಾಠಿಗೆ ಹತ್ತಿರದ್ದು. ಪಕ್ಕದ ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಶುರುವಾಯಿತು. ಕನ್ನಡದ ಒಂದು ಅಕ್ಷರವೂ ಗೊತ್ತಿಲ್ಲದೆ ಬಂದ ಸಮುದಾಯದಲ್ಲಿ ಇಂದು ಸಂತೆ, ಬ್ಯಾಂಕು, ಬಸ್ಸಿನ ಕನ್ನಡ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಇವರಲ್ಲಿ ಹೆಚ್ಚಿನವರು ಆ ಎರಡನೆಯ ಮೂರನೆಯ ಭಾಷೆಗಾಗಿ ಕ್ಲಾಸಿಗೆ ಹೋದವರಲ್ಲ. ಎದುರಿಗಿದ್ದವನು ಬೇರೆ ಭಾಷೆಯವನಾಗಿದ್ದ, ಅವನ ಜೊತೆ ವ್ಯವಹಾರವಿತ್ತು, ಆ ವ್ಯವಹಾರ ದಿನಾ ಇತ್ತು, ಹೀಗಾಗಿ ಕಲಿತರು. ಜರ್ಮನ್ ಅಥವಾ ಜಪಾನಿಗೆ ಈ ಮೂರರಲ್ಲಿ ಒಂದೂ ಇಲ್ಲಿ ತಾನಾಗಿ ಸಿಗುವುದಿಲ್ಲ. ಕಲಿಯುವ ಶಕ್ತಿ ನಮ್ಮ ಜನರಲ್ಲಿ ಇದ್ದೇ ಇದೆ, ಸನ್ನಿವೇಶವನ್ನು ಮಾತ್ರ ನಾವೇ ಕಟ್ಟಬೇಕು.

ಮೊದಲು ಸ್ವಂತ ಓದಿನ ವಿಚಾರ. ಜರ್ಮನಿಯ ಡಾಯ್ಚೆ ವೆಲ್ಲೆ ಪ್ರಸಾರ ಸಂಸ್ಥೆ 'ನಿಕೋಸ್ ವೇಗ್' ಎಂಬ ವಿಡಿಯೋ ಪಾಠಮಾಲೆಯನ್ನು ಆರಂಭದ ಎ1ರಿಂದ ಬಿ1 ಮಟ್ಟದವರೆಗೆ ಉಚಿತವಾಗಿ ಕೊಡುತ್ತದೆ. ನಿಧಾನವಾಗಿ ಓದಿದ ದಿನದ ವಾರ್ತೆಯೂ ಅಲ್ಲೇ ಸಿಗುತ್ತದೆ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವಿದೇಶಿಯರಿಗಾಗಿಯೇ ಜಪಾನಿ ಪಾಠಗಳನ್ನು ಮಾಡಿಟ್ಟಿದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ನಿಜವಾದ ತೊಡಕೊಂದಿದೆ. ಇಂಥ ಪಾಠಗಳ ವಿವರಣೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ, ಅರೆಬರೆ ಬರುವ ಒಂದು ಭಾಷೆಯ ಮೂಲಕ ಸ್ವಲ್ಪವೂ ಬಾರದ ಇನ್ನೊಂದನ್ನು ಹಿಡಿಯಬೇಕಾಗುತ್ತದೆ. ಹೊಸ ಭಾಷೆಯನ್ನು ಚೆನ್ನಾಗಿ ಬಲ್ಲ ಭಾಷೆಯ ಮೂಲಕವೇ ತೋರಿಸಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಸೋಂದೆಯ ಜೈನ ಪರಂಪರೆಯೊಂದಿಗೆ ಹೆಸರು ಸೇರಿರುವ ಭಟ್ಟಾಕಳಂಕ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ' ಬರೆದಾಗ ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹೇಳಿದ. ಆ ಕಾಲದ ಓದುಗ ಪಂಡಿತನ ಕೈಯಲ್ಲಿ ಸಿದ್ಧವಿದ್ದ ಸಾಧನ ಅದು. ನಮ್ಮ ಕಾಲದ ಕನ್ನಡಿಗನ ಕೈಯಲ್ಲಿರುವುದು ಕನ್ನಡ, ಅದು ಸಣ್ಣ ಸಾಧನವೇನಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಇಂಗ್ಲಿಷ್ ಮಾತನಾಡುವವರಿಗೆ ಅತಿ ಕಷ್ಟದ ಭಾಷೆಗಳ ಸಾಲಿನಲ್ಲಿ ಜಪಾನಿಯನ್ನು ಇಟ್ಟು ಸುಮಾರು 2,200 ತಾಸಿನ ತರಗತಿ ಬೇಕೆನ್ನುತ್ತದೆ. ಆ ಅಂಕಿ ನೋಡಿ ಇಲ್ಲಿಯವರು ಹೆದರಬೇಕಾಗಿಲ್ಲ. 'ನಾನು ನಾಳೆ ಶಿರಸಿಗೆ ಹೋಗುತ್ತೇನೆ' ಎಂಬುದನ್ನು ಜಪಾನಿಯಲ್ಲಿ 'ವಾತಾಶಿ ವಾ ಅಶಿತಾ ಶಿರುಶಿ ನಿ ಇಕಿಮಾಸು' ಎನ್ನುತ್ತಾರೆ, ಪದಗಳ ಸಾಲು ನಮ್ಮದೇ. ಕ್ರಿಯಾಪದ ಕೊನೆಗೆ, ವಿಭಕ್ತಿಯ ಕೆಲಸ ಮಾಡುವ ತುಣುಕು ನಾಮಪದದ ಹಿಂದೆ, ಪ್ರಶ್ನೆ ಮಾಡುವ 'ಕಾ' ವಾಕ್ಯದ ತುದಿಗೆ, 'ನಿನ್ನೆ ಓದಿದ ಪುಸ್ತಕ' ಎನ್ನುವಾಗ ವಿಶೇಷಣ ಪೂರ್ತಿ ಪುಸ್ತಕದ ಮುಂದೆ. ಇಂಗ್ಲಿಷಿನವನು ತಿಂಗಳುಗಟ್ಟಲೆ ತಲೆ ತಿರುಗಿಸಿಕೊಳ್ಳುವ ಜಾಗದಲ್ಲಿ ಕನ್ನಡಿಗನಿಗೆ ದಾರಿ ತೆರೆದೇ ಇದೆ. ಲಿಪಿಯ ಹೊರೆ ಮಾತ್ರ ಎಲ್ಲರಿಗೂ ಒಂದೇ. ನಿತ್ಯಬಳಕೆಗೆಂದು ಜಪಾನ್ ಸರಕಾರ ಗೊತ್ತುಮಾಡಿದ ಕಾಂಜಿ ಅಕ್ಷರಗಳೇ 2,136. ಕನ್ನಡದ ಮೂಲಕ ಜಪಾನಿ ಕಲಿಸುವ ಒಂದು ಒಳ್ಳೆಯ ಪಠ್ಯ ಪ್ರತಿ ಊರಿನ ಗ್ರಂಥಾಲಯದಲ್ಲೂ ಇರಬೇಕಿತ್ತು. ಅದು ಬರುವವರೆಗೆ ಕಲಿಯುವವರು ಇಂಗ್ಲಿಷ್ ವಿವರಣೆಯನ್ನು ತಮ್ಮ ನೋಟುಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಿಕೊಳ್ಳಬೇಕು. ಆ ಶ್ರಮವೂ ಕಲಿಕೆಯೇ.

ದಿನದಿನದ ರೂಢಿಯ ವಿಚಾರದಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಜರ್ಮನ್ ಕಲಿಸುವ ಗೊಯ್ತೆ ಸಂಸ್ಥೆ ಎ1 ಮಟ್ಟ ತಲುಪಲು 45 ನಿಮಿಷದ 80ರಿಂದ 200 ಪಾಠ ಬೇಕೆನ್ನುತ್ತದೆ, ಬಿ1ಗೆ 350ರಿಂದ 650. ದೊಡ್ಡ ಅಂಕಿಯನ್ನೇ ಹಿಡಿದರೂ ಎ1ಗೆ 150 ತಾಸು. ದಿನಕ್ಕೆ ಅರ್ಧ ತಾಸಿನಂತೆ ಹತ್ತು ತಿಂಗಳಲ್ಲಿ ಅದು ಮುಗಿಯುತ್ತದೆ. ಇದನ್ನು ಭಾನುವಾರಕ್ಕೆ ಮೂರೂವರೆ ತಾಸು ಎಂದು ಒಟ್ಟುಹಾಕಿದರೆ ತಾಸಿನ ಮೊತ್ತ ಅಷ್ಟೇ ಆಗುತ್ತದೆ, ಫಲ ಆಗುವುದಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ತಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಸುಮಾರು ಮೂರನೇ ಎರಡು ಭಾಗ ಹೋಗುತ್ತದೆ. ಮರೆಯುವ ಮುನ್ನ ಮತ್ತೆ ನೆನಪಿಸಿಕೊಂಡರೆ ಮುಂದಿನ ಮರೆವು ನಿಧಾನವಾಗುತ್ತದೆ. ಇದನ್ನೇ ಆಧರಿಸಿ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಚೀಟಿಗಳ ಪೆಟ್ಟಿಗೆಯ ವಿಧಾನ ಹೇಳಿದ. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ಮರಳುತ್ತದೆ, ತಪ್ಪಿದ ಚೀಟಿ ಮೊದಲ ಖಾನೆಗೆ ಬಂದು ನಾಳೆಯೇ ಎದುರಾಗುತ್ತದೆ. ರಟ್ಟಿನ ಡಬ್ಬಿಯೊಂದಿದ್ದರೆ ಇದಕ್ಕೆ ಕರೆಂಟೂ ಬೇಡ, ನೆಟ್‌ವರ್ಕೂ ಬೇಡ. ಮಳೆಗಾಲದಲ್ಲಿ ಎರಡೂ ಕೈಕೊಡುವ ಹಳ್ಳಿಗಳಿಗೆ ಇದು ಸಣ್ಣ ಅನುಕೂಲವಲ್ಲ. ಅಡಿಕೆಯ ಕೊನೆಕೊಯ್ಲಿನ ತಿಂಗಳುಗಳಲ್ಲಿ ಅರ್ಧ ತಾಸು ಸಿಗುವುದಿಲ್ಲ ಎನ್ನುವುದು ನಿಜ. ಆಗ ಹತ್ತು ನಿಮಿಷಕ್ಕೆ ಇಳಿಸಬೇಕು, ನಿಲ್ಲಿಸಬಾರದು. ಎರಡು ತಿಂಗಳು ಬಿಟ್ಟವರಲ್ಲಿ ಮರಳುವವರು ಕಡಿಮೆ.

ಪಾಠವೂ ಇದೆ, ಪೆಟ್ಟಿಗೆಯೂ ಇದೆ, ಹಾಗಿದ್ದೂ ಯಾಕೆ ಬಿಡುತ್ತಾರೆ? ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸುಗಳಿಗೆ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಸುಮಾರು ಮೂವರು. ಅವು ಭಾಷೆಯ ಕೋರ್ಸುಗಳಲ್ಲ, ಆದರೂ ಒಳ್ಳೆಯ ಪಾಠವೊಂದೇ ಮನುಷ್ಯನನ್ನು ಹಿಡಿದಿಡುವುದಿಲ್ಲ ಎಂಬುದಕ್ಕೆ ಸಾಕ್ಷಿ. ಭಾಷೆಯಲ್ಲಿ ಇನ್ನೂ ಒಂದು ಕೊರತೆ ಇದರೊಂದಿಗೆ ಸೇರುತ್ತದೆ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಫ್ರೆಂಚ್ ಮಾಧ್ಯಮದಲ್ಲಿ ಓದಿಸಿದ ಶಾಲೆಗಳನ್ನು ಅಭ್ಯಸಿಸಿದ ಮೆರಿಲ್ ಸ್ವೇನ್ 1985ರಲ್ಲಿ ಒಂದು ಅಚ್ಚರಿಯ ಸಂಗತಿ ಮುಂದಿಟ್ಟರು: ವರ್ಷಗಟ್ಟಲೆ ಫ್ರೆಂಚ್ ಕೇಳಿದ ಮಕ್ಕಳು ಕೇಳಿ ತಿಳಿಯುವುದರಲ್ಲಿ ಫ್ರೆಂಚ್ ಮಕ್ಕಳ ಸಮಕ್ಕೆ ಬಂದಿದ್ದರು, ಮಾತು ಮತ್ತು ಬರಹದಲ್ಲಿ ಹಿಂದೆ ಉಳಿದಿದ್ದರು. ಕೇಳಿದ್ದು ಸಾಕಷ್ಟಿತ್ತು, ತಾವೇ ವಾಕ್ಯ ಕಟ್ಟಿ ತಪ್ಪನ್ನು ಕಂಡುಕೊಳ್ಳುವ ಅವಕಾಶ ಸಾಕಷ್ಟಿರಲಿಲ್ಲ. ಎಸ್‌ಎಸ್‌ಎಲ್‌ಸಿವರೆಗೆ ಇಂಗ್ಲಿಷ್ ಓದಿ, ಎರಡು ವಾಕ್ಯ ಆಡಲು ಹಿಂಜರಿಯುವ ನಮ್ಮ ಮಕ್ಕಳ ಕಥೆಯೂ ಇದೇ. ಈ ಸೀಮೆಯವರಿಗೆ ಇದನ್ನು ತಿಳಿಸಲು ಕೆನಡಾ ಬೇಕಾಗಿಲ್ಲ, ತಾಳಮದ್ದಳೆ ಸಾಕು. ಅರ್ಥಧಾರಿ ಮನೆಯಲ್ಲಿ ಪ್ರಸಂಗ ಓದುತ್ತಾನೆ, ಭಾರತ ರಾಮಾಯಣ ಓದುತ್ತಾನೆ, ಅದೆಲ್ಲ ಒಂಟಿ ಕೆಲಸ. ಆದರೆ ಎದುರು ಪಾತ್ರದವನು ಊಹಿಸದ ಪ್ರಶ್ನೆ ಎತ್ತಿದ ಗಳಿಗೆಯಲ್ಲಿ ಓದಿದ್ದು ಬಾಯಿಗೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಎದುರಾಳಿ ಇಲ್ಲದೆ ಅರ್ಥಗಾರಿಕೆ ಕಲಿತವರಿಲ್ಲ. ಓದುವುದನ್ನೇ ಬಿಟ್ಟು ಬರೀ ಕೂಟಗಳಲ್ಲಿ ಕೂತು ಕಲಿತವರೂ ಇಲ್ಲ.

ನಮ್ಮ ಭಾಷೆಯನ್ನು ಹೊರಗಿನಿಂದ ಬಂದು ಕಲಿತವರ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಕನ್ನಡಕ್ಕೆ ಪರಕೀಯ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿದ್ದವು. ನಡುವಿನ ನಲವತ್ತು ವರ್ಷಗಳಲ್ಲಿ ಹಳಗನ್ನಡ ಕಾವ್ಯಗಳ ಒಂಟಿ ಓದು ಎಷ್ಟಿತ್ತೋ, ಪಂಡಿತರ ಜೊತೆಗಿನ ಒಡನಾಟವೂ ಅಷ್ಟೇ ಇತ್ತು. ಕಿಟ್ಟೆಲ್ಲರ ಶ್ರಮವನ್ನು ಕೊಂಡಾಡುವಾಗ ಅವರ ಸಂಶಯಗಳಿಗೆ ಉತ್ತರ ಕೊಟ್ಟ ಆ ಕನ್ನಡಿಗರನ್ನು ನಾವು ಮರೆಯುತ್ತೇವೆ. ಅವರಿಲ್ಲದೆ ಆ ನಿಘಂಟು ಇರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಮಂಜೇಶ್ವರದ ಗೋವಿಂದ ಪೈಗಳನ್ನು ಎದುರಿಟ್ಟು ಕೆಲವರು ಇದನ್ನು ಒಪ್ಪದಿರಬಹುದು. ಅವರು ಬಿ.ಎ. ಮುಗಿಸಿದವರಲ್ಲ, ದೊಡ್ಡ ನಗರದಲ್ಲಿ ನೆಲೆಸಿದವರಲ್ಲ. ತಮ್ಮ ಊರಿನಲ್ಲಿ ಪುಸ್ತಕಗಳ ನಡುವೆ ಕೂತು ಗ್ರೀಕ್, ಲ್ಯಾಟಿನ್ ಸೇರಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯ ಮಾಡಿಕೊಂಡವರೆಂದು ಪ್ರಸಿದ್ಧರು. ಆಕ್ಷೇಪ ತೂಕದ್ದೇ. ಆದರೆ ಪೈಗಳಿಗೆ ಆ ಭಾಷೆಗಳು ಬೇಕಾಗಿದ್ದುದು ಮುಖ್ಯವಾಗಿ ಓದಿಗೆ, ಸಂಶೋಧನೆಗೆ. ಗ್ರಂಥ ಓದುವುದಷ್ಟೇ ಗುರಿಯಾದರೆ ನಿಘಂಟು, ವ್ಯಾಕರಣ, ಛಲ ಇದ್ದರೆ ಸಾಗುತ್ತದೆ. ರೋಗಿಯ ಹಾಸಿಗೆಯ ಪಕ್ಕ ನಿಂತು ಎಲ್ಲಿ ನೋಯುತ್ತದೆ ಎಂದು ಕೇಳಿ, ಉತ್ತರ ಅರ್ಥಮಾಡಿಕೊಳ್ಳಬೇಕಾದ ನರ್ಸಿಗೆ ಸಾಗುವುದಿಲ್ಲ. ಏತಕ್ಕೆ ಕಲಿಯುತ್ತಿದ್ದೇವೆ ಎಂಬುದು ಮೊದಲೇ ತೀರ್ಮಾನವಾಗಬೇಕು. ಜಪಾನಿಯ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತಿನ ಭಾಗವೇ ಇಲ್ಲ. ಪ್ರಮಾಣಪತ್ರ ಹಿಡಿದು ಹೋದವನು ಟೋಕಿಯೋದ ಕಚೇರಿಯಲ್ಲಿ ಮೂಕನಾಗಿ ಕೂರುವ ಸಾಧ್ಯತೆ ಹಾಗಾಗಿಯೇ ಉಳಿಯುತ್ತದೆ.

ವಯಸ್ಸು ಮೀರಿತು ಎನ್ನುವವರೂ ಇದ್ದಾರೆ. ಉಚ್ಚಾರದ ಮಟ್ಟಿಗೆ ಎಳೆಯರಿಗೆ ಕೊನೆಗೆ ಮೇಲುಗೈ, ಇದನ್ನು ಒಪ್ಪೋಣ. ಆದರೆ ನೆದರ್‌ಲ್ಯಾಂಡ್ಸಿಗೆ ಬಂದು ಡಚ್ ಕಲಿತ ಇಂಗ್ಲಿಷ್ ಭಾಷಿಕರನ್ನು ಒಂದು ವರ್ಷ ಗಮನಿಸಿ ಸ್ನೋ ಮತ್ತು ಹೂಫ್ನಾಗೆಲ್-ಹ್ಯೂಲೆ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ತಿಂಗಳುಗಳಲ್ಲಿ ಮುಂದಿದ್ದವರು ಹದಿಹರೆಯದವರು ಮತ್ತು ದೊಡ್ಡವರು, ಪುಟ್ಟ ಮಕ್ಕಳಲ್ಲ. ಮೊಬೈಲೇ ಅನುವಾದ ಮಾಡುವಾಗ ಕಲಿಯುವುದೇಕೆ ಎಂಬ ಪ್ರಶ್ನೆಗೆ ಜರ್ಮನಿಯ ನಿಯಮವೇ ಉತ್ತರ. ಅಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟ ಕೇಳುತ್ತಾರೆ, ಫೋನನ್ನು ಕೇಳುವುದಿಲ್ಲ. ಕನ್ನಡವೇ ಸೊರಗುತ್ತಿರುವಾಗ ಪರಭಾಷೆಯ ಹುಚ್ಚು ಯಾಕೆ ಎಂಬ ಮಾತಿನಲ್ಲಿ ನೋವಿದೆ, ಅದು ನನ್ನದೂ ಹೌದು. ಆದರೆ ಇಂದು ಕನ್ನಡದ ಜಾಗ ತಿನ್ನುತ್ತಿರುವುದು ಮನೆಯೊಳಗೂ ಬಂದು ಕೂತ ಇಂಗ್ಲಿಷು. ಕನ್ನಡದ ವಾಕ್ಯವನ್ನು ಆಧಾರವಾಗಿ ಹಿಡಿದು ಜಪಾನಿಗೆ ಹೋಗುವ ಹುಡುಗಿ ಕನ್ನಡವನ್ನು ಮೊದಲಿಗಿಂತ ಹೆಚ್ಚು ಗಮನಿಸಿ ನೋಡುತ್ತಾಳೆ.

ಹಾಗಾದರೆ ಆ ಕೇಳುವ ವ್ಯಕ್ತಿ ಯಾರು? ದಿನದ ಮಟ್ಟಿಗೆ ಮನೆಯ ಆಯಿಯೋ ತಮ್ಮನೋ ಆಗಬಹುದು, ಅವರಿಗೆ ಆ ಭಾಷೆ ಗೊತ್ತಿರಬೇಕಾಗಿಲ್ಲ. ಚೀಟಿಯ ಒಂದು ಬದಿಯ ಕನ್ನಡ ಓದಿ ಹೇಳುವುದು, ಇನ್ನೊಂದು ಬದಿಯಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಉತ್ತರಕ್ಕೆ ಹೋಲಿಸುವುದು, ಇವತ್ತು ಕೂತಿಲ್ಲವಲ್ಲ ಎಂದು ಕೇಳುವುದು, ಇಷ್ಟು ಸಾಕು. ಜರ್ಮನ್ನಿನ ಕೆಲವು ಸ್ವರಗಳು ನಮ್ಮ ಲಿಪಿಗೆ ಸಿಗುವುದಿಲ್ಲ, ಉಚ್ಚಾರಕ್ಕೆ ಧ್ವನಿಮುದ್ರಿಕೆಯೇ ಪ್ರಮಾಣ. ವಾರಕ್ಕೊಮ್ಮೆ ಮಾತ್ರ ಭಾಷೆ ಬಲ್ಲ ವ್ಯಕ್ತಿ ಬೇಕು, ತಪ್ಪು ತಿದ್ದುವುದಕ್ಕೂ ಊಹಿಸದ ಪ್ರಶ್ನೆ ಕೇಳುವುದಕ್ಕೂ. ಈ ತಾಲ್ಲೂಕುಗಳಿಂದ ಹೊರದೇಶಕ್ಕೆ ಹೋಗಿ ನೆಲೆಸಿದವರು ಕಡಿಮೆಯಿಲ್ಲ, ಹಬ್ಬಕ್ಕೆ ಫೋನು ಮಾಡಿ ಊರಿಗೆ ಏನಾದರೂ ಮಾಡಬೇಕು ಎನ್ನುವವರೂ ಕಡಿಮೆಯಿಲ್ಲ. ಅವರಿಂದ ದೇಣಿಗೆಯ ಬದಲು ವಾರಕ್ಕೆ ಅರ್ಧ ತಾಸು ಕೇಳಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ಯಾರು ಯಾವ ಭಾಷೆಯಲ್ಲಿ ಎಷ್ಟು ಹೊತ್ತಿಗೆ ಮಾತಿಗೆ ಸಿಗುತ್ತಾರೆ ಎಂಬ ಪಟ್ಟಿ ಇಟ್ಟು, ಕಲಿಯುವವರನ್ನು ಅವರಿಗೆ ಜೋಡಿಸುವ ಕೆಲಸವನ್ನು ಅಲ್ಲಿಂದಲೇ ಶುರುಮಾಡಬಹುದು. ಸಿದ್ದಾಪುರದಲ್ಲಿ ಭಾನುವಾರ ರಾತ್ರಿ ಎಂಟು ಗಂಟೆಯೆಂದರೆ ಬೇಸಿಗೆಯಲ್ಲಿ ಜರ್ಮನಿಗೆ ಸಂಜೆ ನಾಲ್ಕೂವರೆ, ಚಳಿಗಾಲದಲ್ಲಿ ಮೂರೂವರೆ. ಜಪಾನಿಗೆ ಕರೆ ಮಾಡುವವರು ಸಂಜೆ ಐದಕ್ಕೇ ಕೂರಬೇಕು, ಅಲ್ಲಿ ಆಗ ರಾತ್ರಿ ಎಂಟೂವರೆ.