ನಿಮಗಿದು ಗೊತ್ತೆ?: ಗಣತಿಯಲ್ಲಿ ಕರಗುವ ನುಡಿಗಳು

ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣದ ಕಾಡಂಚಿನಲ್ಲಿ ಇರುಳಿಗರು ನೆಲೆಸಿದ್ದಾರೆ. ಜೇನು ಕೀಳುವುದರಲ್ಲಿ ಪಳಗಿದ ಇವರು ಕರ್ನಾಟಕದ ಪರಿಶಿಷ್ಟ ಪಂಗಡಗಳಲ್ಲಿ ಒಂದಕ್ಕೆ ಸೇರಿದವರು. ಇವರ ಬಳಗದವರೇ ಎನ್ನಲಾಗುವ ನೀಲಗಿರಿಯ ಇರುಳರ ಮಾತು ದ್ರಾವಿಡ ಕುಟುಂಬದ್ದು. ಅದು ತಮಿಳಿಗೆ ಹತ್ತಿರವಾದರೂ ಬೇರೆಯೇ ಭಾಷೆ ಎಂದ ಜೆಕ್ ವಿದ್ವಾಂಸ ಕಮಿಲ್ ಜ್ವೆಲೆಬಿಲ್, ಅದರ ಬಗ್ಗೆ ಬರೆದ ಪುಸ್ತಕದ ಮೊದಲ ಭಾಗವನ್ನು 1973ರಲ್ಲಿ ತಂದರು.

2011ರ ಜನಗಣತಿ ಮಾತ್ರ ಅದನ್ನು ತಮಿಳಿನ ಲೆಕ್ಕಕ್ಕೇ ಸೇರಿಸಿದೆ. ಗಣತಿಯ ರೀತಿಯೇ ಹಾಗೆ. ಆಗ ಜನ ತಾಯ್ನುಡಿಯೆಂದು ಬರೆಸಿದ ಹೆಸರುಗಳು 19,569. ಸೋಸಿದ ಮೇಲೆ ಗುರುತಿಸಿದ್ದು 1,369. ಅವನ್ನು ಗುಂಪುಗೂಡಿಸಿ, 10,000 ಮಂದಿಯೂ ಆಡದವನ್ನು 'ಇತರೆ'ಗೆ ತಳ್ಳಿದಾಗ ಪಟ್ಟಿಯಲ್ಲಿ ನಿಂತ ಭಾಷೆಗಳು ಬರೀ 121! ಗಣೇಶ್ ದೇವಿ ಅವರ ಮುಂದಾಳುತನದ ಭಾರತೀಯ ಜನಭಾಷಾ ಸಮೀಕ್ಷೆಗೆ ಸಿಕ್ಕಿದ್ದು 780.

ಹೀಗೆ ಕರಗುವ ನುಡಿಗಳು ಉಳಿಯಲು ದಾಖಲಾತಿ ಬೇಕು; ಆ ಕೆಲಸ ಇರುಳಿಗರ ಸೀಮೆಗೆ ಹೊಸದಲ್ಲ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಹಳ್ಳಿಗರ ಹಾಡುಗಳ ಧ್ವನಿಮುದ್ರಣಗಳಿವೆ. ಅಂದಹಾಗೆ, ವಿಶ್ವಸಂಸ್ಥೆ ಸಾರಿರುವ ಮೂಲನಿವಾಸಿ ಭಾಷೆಗಳ ದಶಕ 2032ರವರೆಗೂ ಇದೆ.