‘ಆದೋನಿ ಅಂದ್ರೆ ಆಂಧ್ರದವರಾ?’

ಕೆಲಸದ ಸಂದರ್ಶನಕ್ಕೆ ಹೊರಟವರು ‘ನಿಮ್ಮ ದೌರ್ಬಲ್ಯವೇನು’, ‘ಈ ಕೆಲಸವೇ ಯಾಕೆ’ ಎಂಬಂಥವಕ್ಕೆ ಉತ್ತರ ಉರು ಹೊಡೆಯುತ್ತಾರೆ. ಊರು ಕೇಳಿದರೆ ಏನು ಹೇಳುವುದೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದೋನಿ, ಆಲೂರು, ಹೊಳಗುಂದ, ಹಾಲಹರ್ವಿ ಕಡೆಯ ಕನ್ನಡದ ಮಕ್ಕಳಿಗೆ ಮಾತ್ರ ಅದೇ ತೊಡಕಿನ ಪ್ರಶ್ನೆ. ಬೆಂಗಳೂರಿನಲ್ಲಿ ‘ಕರ್ನೂಲು ಜಿಲ್ಲೆ’ ಎಂದರೆ, ಕನ್ನಡ ಚೆನ್ನಾಗಿ ಕಲಿತಿದ್ದೀರೆಂಬ ಶಹಬ್ಬಾಸ್‌ಗಿರಿ. ವಿಜಯವಾಡದಲ್ಲಿ ‘ಕನ್ನಡ ಮಾಧ್ಯಮ’ ಎಂದರೆ, ಕರ್ನಾಟಕದವರಾ ಎಂಬ ಅನುಮಾನ.

ಈ ತೊಡಕಿಗೊಂದು ತಾರೀಖಿದೆ: 1953ರ ಅಕ್ಟೋಬರ್ 1. ಅಲ್ಲಿಯವರೆಗೆ ಆದೋನಿ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಪೇಟೆಯೂ ಜಿಲ್ಲೆಯ ಉಳಿದ ಭಾಗವೂ ಮೈಸೂರಿಗೆ ಬಂದವು. ಸಂತೆ, ಬೀಗತನ, ಹತ್ತಿ ವ್ಯಾಪಾರ ಗೆರೆ ದಾಟಿಯೇ ನಡೆದವು. ಸರ್ಕಾರಿ ಕಾಗದ ಮಾತ್ರ ಬೇರೆಯಾಯಿತು. ಎಷ್ಟು ಬೇರೆ ಎಂದರೆ, ಸಂವಿಧಾನದ 371ಜೆ ವಿಧಿಯಡಿ ಬಳ್ಳಾರಿಯವರಿಗೆ ನೌಕರಿಯಲ್ಲಿ ಸ್ಥಳೀಯರ ಮೀಸಲಾತಿ ಇದೆ. ಒಂದು ಕಾಲಕ್ಕೆ ಅದೇ ಜಿಲ್ಲೆಯಾಗಿದ್ದ ಆದೋನಿಯವರಿಗೆ ಇಲ್ಲ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಮಾತ್ರ ಗಡಿನಾಡ ಕನ್ನಡಿಗರೆಂದು ಆದೋನಿ, ಆಲೂರು, ರಾಯದುರ್ಗ, ಮಡಕಶಿರಾಗಳ ಹೆಸರು ಉಳಿದಿದೆ. ಅಲ್ಲಿಯೂ ಕನ್ನಡ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕು!

ಊರು ಕೇಳುವ ಸಂದರ್ಶನಕ್ಕೂ ಒಂದು ಚರಿತ್ರೆಯಿದೆ. ಕೇಂದ್ರದ ಪಬ್ಲಿಕ್ ಸರ್ವಿಸ್ ಕಮಿಷನ್ ಶುರುವಾದದ್ದು 1926ರಲ್ಲಿ, ಅದೂ ಅಕ್ಟೋಬರ್ 1ರಂದೇ. ಎದುರು ಕೂರಿಸಿ ಪ್ರಶ್ನೆ ಕೇಳಿ ಅಂಕ ಕೊಡುವ ಪದ್ಧತಿಯನ್ನು ನಾವು ಬ್ರಿಟಿಷರಿಂದ ಪಡೆದೆವು, ಬಿಡಲಿಲ್ಲ. ಅದರ ಮೇಲೆ ಗುಮಾನಿಯೂ ಹಳೆಯದೇ. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶದ ಬಗ್ಗೆ ಅಜಯ್ ಹಾಸಿಯಾ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಅರ್ಜಿದಾರರ ದೂರು ಕುತೂಹಲದ್ದು: ಸಂದರ್ಶನ ಎರಡು–ಮೂರು ನಿಮಿಷದಲ್ಲಿ ಮುಗಿಯಿತು, ಕೇಳಿದ್ದು ತಂದೆ–ತಾಯಿ ಯಾರು, ಊರು ಯಾವುದು ಎಂದಷ್ಟೇ. ಅದಕ್ಕಿದ್ದದ್ದು 150ರಲ್ಲಿ 50 ಅಂಕ. ಅಷ್ಟು ತೂಕ ಕೂಡದೆಂದು 1980ರ ನವೆಂಬರಿನಲ್ಲಿ ನ್ಯಾಯಾಲಯ ಹೇಳಿತು. 2016ರ ಜನವರಿಯಿಂದ ಕೇಂದ್ರದ ಸಿ ಗುಂಪಿನ ಹುದ್ದೆಗಳಿಗೆ ಸಂದರ್ಶನವೇ ಇಲ್ಲ. ಗುಂತಕಲ್ ಡಿವಿಷನ್ನಿನ ರೈಲ್ವೆ ನೌಕರಿಯ ಮೇಲೆ ಕಣ್ಣಿಟ್ಟ ಆದೋನಿಯ ಹುಡುಗರಿಗೆ ಅದು ದೊಡ್ಡ ನಿರಾಳ. ಐಎಎಸ್‌ಗೆ 2025 ಅಂಕಗಳಲ್ಲಿ 275 ಈಗಲೂ ಸಂದರ್ಶನದ್ದೇ. ಬ್ಯಾಂಕ್ ಪಿಒಗೂ ಅದು ತಪ್ಪಿಲ್ಲ.

ಅಂದಮೇಲೆ ಉತ್ತರ ಕಟ್ಟಿಕೊಳ್ಳಲೇಬೇಕು. ಗೈಡುಗಳಲ್ಲಿ ಅದು ಸಿಗುವುದಿಲ್ಲ. ಸಿಕ್ಕರೂ ಎಲ್ಲರ ಬಾಯಲ್ಲೂ ಒಂದೇ ಆಗಿರುತ್ತದೆ. ‘ಆದೋನಿ. 1953ರವರೆಗೆ ಬಳ್ಳಾರಿ ಜಿಲ್ಲೆ, ಈಗ ಕರ್ನೂಲು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಉರ್ದು.’ ಇಷ್ಟು ಸಾಕು. ಅಳಲು ಬೇಡ, ಕ್ಷಮೆಯ ದನಿಯಂತೂ ಬೇಡವೇ ಬೇಡ. ಮೂರು ಭಾಷೆ ಬಲ್ಲವರು ಬ್ಯಾಂಕಿನ ಕೌಂಟರಿಗೆ ಬೇಕಾದವರೇ.

ಆದರೆ ಈ ಉತ್ತರ ಮುಂದಿನ ಪ್ರಶ್ನೆಗೆ ಬಾಗಿಲು ತೆಗೆಯುತ್ತದೆ. ಬಳ್ಳಾರಿ ಎಂದರೆ ತುಂಗಭದ್ರಾ ಬಂತು. ಕೆಳಮಟ್ಟದ ಕಾಲುವೆ ಬಳ್ಳಾರಿ ಹಾದು ಆದೋನಿ ಸೀಮೆಗೆ ಬರುತ್ತದೆ. ರಾಜ್ಯಗಳ ನಡುವಿನ ನೀರು ನೋಡಿಕೊಳ್ಳುವ ತುಂಗಭದ್ರಾ ಮಂಡಳಿ ಹುಟ್ಟಿದ್ದೂ ಆ 1953ರಲ್ಲೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು, ಕಾಲುವೆಯ ಕೊನೆಯ ಊರುಗಳ ರೈತರಿಗೆ ಅದರಿಂದ ಹುಟ್ಟಿದ ಆತಂಕ, ಇವು ಗೊತ್ತಿರಬೇಕು.

ಕಡೆಗೊಂದು ಬಲೆ ಇರುತ್ತದೆ: ‘ಹಾಗಾದ್ರೆ ನಿಮ್ಮೂರು ಕರ್ನಾಟಕಕ್ಕೆ ಸೇರಬೇಕಿತ್ತು ಅಂತೀರಾ?’ ಹೌದು ಎಂದರೂ ಸಿಕ್ಕಿಬಿದ್ದಂತೆ, ಇಲ್ಲ ಎಂದರೂ ಅಷ್ಟೇ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆ ಸಿಗಬೇಕೆನ್ನುವ 350ಎ ವಿಧಿಯನ್ನು ನೆನಪಿಟ್ಟುಕೊಂಡು, ತಮ್ಮೂರ ಕನ್ನಡ ಶಾಲೆಗೆ ಎಷ್ಟು ಮೇಷ್ಟ್ರು ಬೇಕು, ಈಗ ಎಷ್ಟಿದ್ದಾರೆ ಎಂದು ಲೆಕ್ಕ ಕೊಟ್ಟರೆ, ಸಂದರ್ಶನ ಮಂಡಳಿ ಆ ಪ್ರಶ್ನೆ ಬಿಟ್ಟು ಶಾಲೆಯ ಬಗ್ಗೆ ಕೇಳತೊಡಗುತ್ತದೆ.