ಸತುವಿನ ಬೆರಳು

ಗುರುವಾಯನಕೆರೆಯಿಂದ ವೇಣೂರಿನ ಮೇಲೆ ಮೂಡಬಿದಿರೆಗೆ ಹೋದವರು ಅಲ್ಲಿಯ ಸಿದ್ಧಾಂತ ಬಸದಿಯ ಧವಳಾ ತಾಡವೋಲೆಗಳ ವಿಚಾರವನ್ನು ಕೇಳದೆ ಇರರು. ಭಾಷೆ ಪ್ರಾಕೃತವೂ ಸಂಸ್ಕೃತವೂ ಬೆರೆತುದು; ಲಿಪಿಯೋ ಹಳೆಯ ಕನ್ನಡ. ಮೂಲವು ಇದ್ದಲ್ಲಿಯೇ ಇರಲು, ಪ್ರತಿಕಾರರ ಶ್ರಮದಿಂದ ಪಾಠವು ಹೊರಬಂದು 1939ರಿಂದ ಅಚ್ಚಾಗತೊಡಗಿತು. ಇದನ್ನು ಬಲ್ಲ ವಿದ್ವಾಂಸರಿಗೆ, ಪ್ರಯೋಗಶಾಲೆಗಳಲ್ಲಿ ‘ಪುನಸ್ಸಂಯೋಜಿತ’ವೆನಿಸುವ ಮಾನವ ಪ್ರೋಟೀನಿನ ಬಗೆ ದುರ್ಗ್ರಾಹ್ಯವಾಗಲಾರದು.

ಪ್ರಕೃತ ವಿಷಯವಾದ ಪ್ರೋಟೀನು ಓದುವ ಜಾತಿಯದು. ಜೀವಕೋಶದ ಡಿಎನ್‌ಎ ಎಂಬ ಗ್ರಂಥಕ್ಕೆ ಅಕ್ಷರಗಳು ನಾಲ್ಕೇ. ಯಾವ ಪ್ರಕರಣವನ್ನು ಎಂದು ತೆರೆಯಬೇಕೆಂಬುದನ್ನು ಅದನ್ನು ಸ್ಪರ್ಶಿಸಿ ಗುರುತಿಸುವ ಪ್ರೋಟೀನುಗಳು ನಿರ್ಣಯಿಸುತ್ತವೆ. 1985ರಲ್ಲಿ ಕೇಂಬ್ರಿಜ್ಜಿನಲ್ಲಿ ಆರನ್ ಕ್ಲುಗ್ ಮತ್ತು ಅವರ ಸಹೋದ್ಯೋಗಿಗಳು ಆಫ್ರಿಕದ ಕಪ್ಪೆಯೊಂದರ ಅಂಡಕೋಶದ ಪ್ರೋಟೀನಿನಲ್ಲಿ ಒಂದೇ ಮಾದರಿಯ ತುಂಡು ಒಂಬತ್ತು ಸಲ ಮರುಕಳಿಸುವುದನ್ನು ಕಂಡರು. ಪ್ರತಿ ತುಂಡಿನಲ್ಲಿ ಸುಮಾರು 30 ಅಮೈನೋ ಆಮ್ಲಗಳು. ಅವುಗಳಲ್ಲಿ ಎರಡು ಸಿಸ್ಟೀನು, ಎರಡು ಹಿಸ್ಟಿಡೀನು ಕೂಡಿ ಸತುವಿನ ಒಂದೇ ಕಣವನ್ನು ನಡುವೆ ಹಿಡಿಯುತ್ತವೆ. ಆ ಹಿಡಿತದಿಂದಲೇ ಸರಪಣಿಯು ಮಡಿಚಿಕೊಂಡು ಬೆರಳಾಗುತ್ತದೆ. ಒಂದು ಬೆರಳು ಸಾಮಾನ್ಯವಾಗಿ ಮೂರು ಅಕ್ಷರಗಳನ್ನು ಮುಟ್ಟಿ ತಿಳಿಯುವುದು. ಸಾಲಾಗಿ ನಿಂತ ಬೆರಳುಗಳು ಒಂದು ಪದವನ್ನೇ ತಿಳಿಯುವುವು. ಮನುಷ್ಯನಲ್ಲಿ ಈ ವಂಶದ ಪ್ರೋಟೀನುಗಳು 700ಕ್ಕೂ ಮೇಲ್ಪಟ್ಟು ಇವೆ.

ಕೋಶದಲ್ಲಿ ಇವುಗಳ ಪ್ರಮಾಣ ಅತ್ಯಲ್ಪ. ಆದುದರಿಂದ ಮಾನವ ಪಾಠದ ಪ್ರತಿಯನ್ನು ಎಷೆರಿಕಿಯಾ ಕೋಲಿ ಎಂಬ ಬ್ಯಾಕ್ಟೀರಿಯದಲ್ಲಿ ಸೇರಿಸಿ, ಅದರಿಂದಲೇ ಪ್ರೋಟೀನನ್ನು ಬರೆಯಿಸುತ್ತಾರೆ. ಮಾನವ ಪಾಠದಲ್ಲಿ ಸಾಧಾರಣವಾಗಿರುವ ಕೆಲವು ಸಂಕೇತಗಳು ಈ ಲೇಖಕನಿಗೆ ಅಪರೂಪವಾದುದರಿಂದ, ಅರ್ಥ ಕೆಡದಂತೆ ಕಾಗುಣಿತವನ್ನು ತಿದ್ದಿಕೊಡುವುದೂ ಉಂಟು.

ತೊಡಕು ಇರುವುದು ಮುಂದೆ. ಅಮೈನೋ ಆಮ್ಲಗಳ ಕ್ರಮದಲ್ಲಿ ಒಂದು ತಪ್ಪೂ ಇಲ್ಲದಿದ್ದರೂ ಸತು ಇಲ್ಲದೆ ಬೆರಳಿಲ್ಲ. ಅಕ್ಷರಶುದ್ಧವಾಗಿದ್ದೂ ಅನ್ವಯವಾಗದ ಪದ್ಯದಂತೆ ಅದು ಸುಮ್ಮನೆ ಬಿದ್ದಿರುವುದು. ಇತರ ಪ್ರೋಟೀನುಗಳ ರಕ್ಷಣೆಗೆಂದು ವಾಡಿಕೆಯಾಗಿ ಬೆರೆಸುವ ಇಡಿಟಿಎ ಎಂಬ ದ್ರವ್ಯವು ಇಲ್ಲಿ ಸತುವನ್ನೇ ಕಿತ್ತುಕೊಳ್ಳುತ್ತದೆ. ಗಾಳಿ ತಾಗಿದರೆ ಸಿಸ್ಟೀನುಗಳ ಗಂಧಕಗಳು ಸತುವನ್ನು ಬಿಟ್ಟು ತಮ್ಮತಮ್ಮಲ್ಲಿಯೇ ಗಂಟುಬೀಳುತ್ತವೆ. ಆದುದರಿಂದ ಬ್ಯಾಕ್ಟೀರಿಯವನ್ನು ಬೆಳೆಸುವ ದ್ರವದಲ್ಲಿ ಸ್ವಲ್ಪ ಸತುವಿನ ಲವಣ, ಶೋಧನೆಯಲ್ಲಿ ಆಕ್ಸಿಡೀಕರಣವನ್ನು ತಡೆಯುವ ದ್ರವ್ಯ, ಇವೆರಡೂ ಬೇಕು.

ಶುದ್ಧತೆಯ ಪರೀಕ್ಷೆಯಲ್ಲಿ ಸತ್ತ ಬೆರಳೂ ಜೀವಂತ ಬೆರಳೂ ಒಂದೇ ಗೆರೆಯಾಗಿ ಕಾಣುವುದರಿಂದ ಮೋಸಹೋಗುವುದು ಸುಲಭ. ‘ಈ ಪ್ರೋಟೀನು ಆ ಪದವನ್ನು ಗುರುತಿಸದು’ ಎಂದು ಬರೆಯುವ ಮೊದಲು ಅದು ಓದಬಲ್ಲ ಸ್ಥಿತಿಯಲ್ಲಿತ್ತೇ ಎಂದು ಕೇಳಲೇಬೇಕು. ಅದಕ್ಕಾಗಿ, ಅದು ಹಿಡಿಯುವುದೆಂದು ಮೊದಲೇ ತಿಳಿದಿರುವ ಡಿಎನ್‌ಎ ತುಂಡೊಂದನ್ನೂ, ಅದರಲ್ಲಿಯೇ ಮುಖ್ಯವಾದ ಅಕ್ಷರಗಳನ್ನು ಬದಲಿಸಿದ ಇನ್ನೊಂದನ್ನೂ ಅದರ ಮುಂದಿಡುತ್ತಾರೆ: ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಡಬೇಕು.